ಕೆಂಪು ಪೆನ್ಸಿಲಿನ ‘ಮಸ್ಟ್’

ಎತ್ತಿದ್ದು ಯಾರು? ಅಲ್ಲ, ಆ ಪ್ರಶ್ನೆ ಆಮೇಲಿನದು. ಎತ್ತಬಹುದು ಎಂದು ಒಬ್ಬರಿಗೆ ಅನ್ನಿಸಿದ್ದಾದರೂ ಹೇಗೆ? ಈ ಕಟ್ಟಡದಲ್ಲಿ ಅದು ಯಾರ ತಲೆಗೂ ಹೊಳೆಯುವ ವಿಷಯವೇ ಅಲ್ಲ ಎಂದು ಬೆಳಗಿನಿಂದ ಎಲ್ಲರೂ ಹೇಳುತ್ತಿದ್ದಾರೆ. ಹಾಗಾದರೆ ತಾನು ಬೆನ್ನು ಹತ್ತಿರುವುದು ಏನನ್ನು? ಒಂದು ಅಪರಾಧವನ್ನೋ, ಅಪರಾಧವೆಂದು ಕರೆಯಲಾಗದ ಇನ್ನೇನನ್ನೋ?

ಪತ್ತೇದಾರ ಪತ್ರಿಕೆಯ ಮೂರನೇ ಪುಟವನ್ನು ಮತ್ತೊಮ್ಮೆ ಕಿಟಕಿಯ ಬೆಳಕಿಗೆ ಹಿಡಿದ. ಪುಟದ ಕೆಳಗೆ, ಎಡಮೂಲೆಯಲ್ಲಿ, ಜೇನುಹುಳು ಎಷ್ಟು ದೂರ ಹಾರಿಹೋದರೂ ತನ್ನ ಗೂಡಿಗೆ ಹೇಗೆ ಮರಳುತ್ತದೆ ಎಂಬ ಪುಟ್ಟ ಬರಹ. ಉಳಿದ ಪುಟವೆಲ್ಲ ಕಪ್ಪಾಗಿ ಕಡೆದಂತೆ ಮೂಡಿದ್ದರೆ ಇದೊಂದು ಮಾತ್ರ ಒಗೆದೊಗೆದು ಬಣ್ಣ ಬಿಟ್ಟ ಬಟ್ಟೆಯಂತೆ ಮಂಕಾಗಿತ್ತು.

“ಇದು ಯಾವ ಕಾಲದ್ದು?”

ಸೀಸದ ಅಕ್ಷರಮೊಳೆಗಳನ್ನು ಜೋಡಿಸುವ ಕಂಪೋಸಿಂಗ್ ಕೋಣೆಯ ಫೋರ್ಮನ್ ಕನ್ನಡಕವನ್ನು ಹಣೆಗೇರಿಸಿ ಬಗ್ಗಿ ನೋಡಿದ. “ಜೇನುಹುಳಾನಾ? ಅದಕ್ಕೆ ವಯಸ್ಸಾಯ್ತು ಬಿಡಿ ಸಾಹೇಬ್ರೇ. ಪುಟದಲ್ಲಿ ತೂತು ಬಿದ್ದಾಗ ತುಂಬೋಕೆ ಇಂಥವನ್ನ ಜೋಡಿಸಿ ಕಟ್ಟಿಟ್ಟಿರ್ತೀವಿ. ಜೇನುಹುಳು ಇದೆ, ತಿಮಿಂಗಿಲ ಇದೆ, ಒಂಟೆ ನೀರಿಲ್ದೆ ಹೇಗೆ ಬದುಕುತ್ತೆ ಅಂತ ಒಂದಿದೆ. ಒಂಟೆ ಒಂದೇ ತಿಂಗಳಲ್ಲಿ ನಾಲ್ಕು ಸಲ ಹೋಗಿದೆ. ಒಬ್ರಾದ್ರೂ ದೂರು ಬರೀಬೇಕಲ್ಲ? ಊಹೂಂ.”

“ಜೇನುಹುಳು ಬರೆದವರು?”

ಫೋರ್ಮನ್‌ನ ನಗು ಅರ್ಧಕ್ಕೆ ನಿಂತಿತು. “ಗುಬ್ಬೀನೇ. ಮಗಳು ತೊಟ್ಟಿಲಲ್ಲಿದ್ದಾಗ ಬರೆದದ್ದು.”

ಗುಬ್ಬಿ ಈ ಪತ್ರಿಕೆಯ ಹಿರಿಯ ವರದಿಗಾರ. ಕುಪ್ಪಳಿಸಿದಂತೆ ನಡೆಯುತ್ತಿದ್ದುದರಿಂದ ಆ ಹೆಸರು ಬಂದು, ಹುಟ್ಟಿದ ಹೆಸರು ಸಂಬಳದ ದಿನ ಬಿಟ್ಟರೆ ಬೇರೆಂದೂ ಕೇಳಿಸದಂತಾಗಿತ್ತು. ಹೋದ ವಾರ, ಈ ಕೋಣೆಯಿಂದ ಕೆಳಗಿನ ಮೆಷಿನ್ ಮನೆಗೆ ಇಳಿಯುವ ಕಬ್ಬಿಣದ ಮೆಟ್ಟಿಲಿನ ಬುಡದಲ್ಲಿ ಅವನು ಸತ್ತು ಬಿದ್ದಿದ್ದ. ಕಾಲು ಜಾರಿತು ಎಂದರು ಎಲ್ಲರೂ. ಅವನ ಮಗಳು ಮಾತ್ರ ಒಪ್ಪಲಿಲ್ಲ.

“ಅವತ್ತು ಪುಟದಲ್ಲಿ ತೂತು ಯಾಕೆ ಬಿತ್ತು?” ಪತ್ತೇದಾರ ಕೇಳಿದ.

“ಬೆಳಿಗ್ಗೆ ಹೇಳಿದ್ನಲ್ಲ. ಪುಟದಿಂದ ಒಂದು ಐಟಂ ಎತ್ತಿದ್ರು.”

“ಮಸ್ಟ್ ಅಂತ ಬರೆದಿದ್ದ ಐಟಂ.”

“ಹೂಂ.”

“ಮಸ್ಟ್ ಅಂದ್ರೆ ಏನು ಅಂತ ಇನ್ನೊಂದು ಸಲ ಹೇಳಿ. ಸಣ್ಣ ಮಕ್ಕಳಿಗೆ ಹೇಳೋ ಹಾಗೆ ಹೇಳಿ.”

ಫೋರ್ಮನ್ ಸೊಂಟಕ್ಕೆ ಸುತ್ತಿದ್ದ ಮಸಿ ಬಟ್ಟೆಯಿಂದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡ. ಬೆರಳು ಸ್ವಚ್ಛವಾಗಲಿಲ್ಲ, ಬಟ್ಟೆಯೂ ಇನ್ನಷ್ಟು ಕಪ್ಪಾಗಲಿಲ್ಲ.

“ಯಜಮಾನರ ಕೆಂಪು ಪೆನ್ಸಿಲ್ ಅದು. ಹಾಳೆಯ ಮೂಲೇಲಿ ‘ಮಸ್ಟ್’ ಅಂತ ಬಿತ್ತು ಅಂದ್ರೆ ಮುಗೀತು. ಹೋಗಲೇಬೇಕು. ಸಂಪಾದಕರು ಓದೋ ಹಾಗಿಲ್ಲ, ತಿದ್ದೋ ಹಾಗಿಲ್ಲ, ಸಾಲು ಕಡಿಮೆ ಮಾಡೋ ಹಾಗಿಲ್ಲ. ಸೀದಾ ನನ್ನ ಮೇಜಿಗೆ ಬರುತ್ತೆ. ಒಂದ್ಸಲ ಯಜಮಾನರ ನಾಯಿ ಕಳೆದುಹೋಗಿತ್ತು. ‘ಮಸ್ಟ್’ ಬಂತು. ಚುನಾವಣೆ ಫಲಿತಾಂಶದ ತಲೆ ಮೇಲೆ ನಾಯಿ ಕೂತ್ಕೊಂಡಿತ್ತು ಅವತ್ತು.”

“ಆಮೇಲೆ?”

“ನಾಯಿ ಸಿಕ್ತು. ನಮ್ಮ ಮೇಷ್ಟ್ರು ಅಂತಿದ್ರು, ಈ ಕೋಣೆಗೆ ಹಿಂದಿನ ಫೋರ್ಮನ್, ನಂಗೂ ಗುಬ್ಬಿಗೂ ಮೊಳೆ ಹಿಡಿಯೋಕೆ ಕಲಿಸಿದೋರು. ಅವರ ಕಾಲದಲ್ಲಿ ಒಂದು ಮಸ್ಟ್ ಹಾಳೆ ಹಿಂದೆ ಅಮ್ಮಾವ್ರು ಬರೆದ ಲಾಂಡ್ರಿ ಚೀಟಿ ಇತ್ತಂತೆ. ಮೇಷ್ಟ್ರು ಎರಡೂ ಕಡೆ ಜೋಡಿಸಿದ್ರು. ಯಜಮಾನರ ದಿಂಬಿನ ಚೀಲ ಎಷ್ಟು ಅಂತ ಊರಿಗೆಲ್ಲ ಗೊತ್ತಾಯ್ತು. ಕೇಳಿದ್ರೆ, ಮಸ್ಟ್ ಅಂದ್ಮೇಲೆ ಎರಡು ಕಡೇನೂ ಮಸ್ಟೇ ಅಂದ್ರಂತೆ.”

ಪತ್ತೇದಾರ ನಗಲಿಲ್ಲ. ಠಾಣೆಯ ಹುಡುಗರು ಅವನನ್ನು ಹಿಂದಿನಿಂದ ಗುಮ್ಮ ಎನ್ನುತ್ತಿದ್ದುದು ಸುಮ್ಮನೆ ಅಲ್ಲ.

“ಅಂಥ ಐಟಂನ ಯಾರೋ ಪುಟದಿಂದ ಕಿತ್ತು ಹೊರಗಿಟ್ರು. ನಿಮಗೆ ಅನುಮಾನ ಬರಲಿಲ್ಲ.”

“ಯಾಕೆ ಬರುತ್ತೆ? ಮೆಷಿನ್‌ಗೆ ಕಾಗದ ಸಿಕ್ಕಿಹಾಕಿಕೊಂಡಿದೆ ಅಂತ ಕರೆದ್ರು, ಹಿಂದಿನ ಗೋಡೌನ್ ಮೆಟ್ಟಿಲಲ್ಲಿ ಇಳಿದು ಹೋದೆ. ಅದೇ ಮೆಟ್ಟಿಲಲ್ಲಿ ವಾಪಸ್ ಬಂದೆ. ನೋಡ್ತೀನಿ, ಐಟಂ ಪಕ್ಕದ ಮೇಜಿನ ಮೇಲಿದೆ, ಪುಟದಲ್ಲಿ ತೂತು. ಮಸ್ಟ್ ಹಾಕೋರು ಯಜಮಾನರು, ತೆಗೆಸೋರೂ ಅವರೇ. ಇನ್ಯಾರಿಗಿದೆ ಧೈರ್ಯ? ಮೆಷಿನ್ ಕಾಯ್ತಿತ್ತು. ಜೇನುಹುಳು ತುಂಬಿದೆ, ಕಳಿಸಿದೆ.”

ಅಷ್ಟು ಹೇಳಿ ಅವನು ಮೇಲಿನ ಕಪಾಟಿಗೆ ಕೈ ಹಾಕಿದ. ಮಸ್ಟ್ ಐಟಂನ ಮೊಳೆಗಳನ್ನು ಯಜಮಾನರು ಹೇಳುವ ತನಕ ಬಿಚ್ಚುವಂತಿಲ್ಲ. ಅದೂ ಇಲ್ಲಿನ ಪದ್ಧತಿ. ಹಾಗಾಗಿ ಅದು ಇನ್ನೂ ಇತ್ತು: ತಗಡಿನ ತಟ್ಟೆಯ ಮೇಲೆ, ದಾರ ಸುತ್ತಿದ, ಅಂಗೈಯಗಲದ ಸೀಸದ ಇಟ್ಟಿಗೆ.

“ಓದೋಕೆ ಬರುತ್ತಾ?”

“ಕನ್ನಡಿಯಲ್ಲಿ ಓದಿದ ಹಾಗಾ?”

“ಹಾಗೇ. ಮೊದಲು ಕಣ್ಣು ಹಟ ಮಾಡುತ್ತೆ. ಆಮೇಲೆ ಸುಮ್ಮನಾಗುತ್ತೆ.”

ಪತ್ತೇದಾರ ಓದಿದ. ಅಕ್ಷರಗಳು ಬೆನ್ನು ತಿರುಗಿಸಿ ನಿಂತ ಜನರ ಹಾಗಿದ್ದವು.

ಗಿರಣಿಯ ಬಾಯ್ಲರ್ ಸಿಡಿದ ದಿನ ಅದನ್ನು ನೋಡಿಕೊಳ್ಳುವವನು ನಿದ್ದೆ ಮಾಡುತ್ತಿದ್ದನೆಂದು ನಾನು ಬರೆದೆ. ಅದು ಸುಳ್ಳು. ನಾನು ಆ ಮನುಷ್ಯನನ್ನು ಮಾತಾಡಿಸಲಿಲ್ಲ. ಕವಾಟ ಕೆಟ್ಟಿದೆಯೆಂದು ಅವನು ಮೊದಲೇ ಮೇಲಿನವರಿಗೆ ಹೇಳಿದ್ದ; ಅದನ್ನು ಕೇಳಿದವರನ್ನು ನಾನು ಈಗ ಕಂಡಿದ್ದೇನೆ. ಕೇಳಿದ ಒಂದು ಮಾತನ್ನು ನಂಬಿ ನಾನು ಒಬ್ಬನನ್ನು ಜೈಲಿಗೆ ಕಳಿಸಿದೆ.

ಅಲ್ಲಿಗೆ ನಿಂತಿತ್ತು. ಕೆಳಗೆ ಗುಬ್ಬಿಯ ನಿಜವಾದ ಹೆಸರು.

ನಾಳೆ ಬೆಳಿಗ್ಗೆ ಬಾಯ್ಲರ್‌ನವನಿಗೆ ತೀರ್ಪು. ಅವನ ಮೇಲೆ ಇದ್ದದ್ದೆಲ್ಲ ಗುಬ್ಬಿಯ ಆ ಸುದ್ದಿಯಿಂದ ಶುರುವಾದದ್ದು: ಸುದ್ದಿ ಬಂತು, ಜನ ಕೂಗಿದರು, ಗಿರಣಿಯವರು ತಲೆಯಾಡಿಸಿದರು. ಈ ಸೀಸದ ಇಟ್ಟಿಗೆಯನ್ನು ನ್ಯಾಯಾಧೀಶರ ಮುಂದಿಟ್ಟರೆ ಅವರು ಕೇಳುವ ಮೊದಲ ಮಾತು ಒಂದೇ: ಆ ಸುಳ್ಳನ್ನು ಹುಟ್ಟಿಸಿದವನು ಯಾರು? ಹೇಳಬೇಕಾದವನು ಸತ್ತಿದ್ದಾನೆ.

“ಇದು ಯಾಕೆ ಅಲ್ಲಾಡ್ತಿದೆ?” ಪತ್ತೇದಾರ ಬೆರಳಿನಿಂದ ಮುಟ್ಟಿದ. ದಾರ ಬಿಗಿಯಾಗಿದ್ದರೂ ಒಳಗಿನ ಮೊಳೆಗಳು ಹಾಲುಹಲ್ಲಿನಂತೆ ಕದಲಿದವು.

ಫೋರ್ಮನ್ ಬಾಗಿದ. ಅವನ ಮುಖದಲ್ಲಿ ಮೊದಲು ಕಂಡದ್ದು ಅವಮಾನ, ತನ್ನ ಕೋಣೆಯಲ್ಲಿ ಇಂಥ ಸಡಿಲ ಕೆಲಸವೇ ಎಂಬಂತೆ. “ನಾನು ಜೋಡಿಸಿದ್ದು ಹೀಗೆ ಅಲ್ಲಾಡಲ್ಲ. ಹೆಸರಿನ ಮೇಲೆ ಜಾಗ ಖಾಲಿ ಇದೆ.” ಸಾಲುಗಳ ನಡುವೆ ಇಡುವ ತೆಳ್ಳನೆ ಸೀಸದ ಪಟ್ಟಿಯೊಂದನ್ನು ಸಂದಿಗೆ ತೂರಿಸಿ, ಇನ್ನೊಂದನ್ನು ತೂರಿಸಿ ನೋಡಿದ. “ಎರಡು ಸಾಲು ತೆಗೆದಿದ್ದಾರೆ.”

“ಅದರಲ್ಲಿ ಏನಿತ್ತು? ನೀವೇ ಜೋಡಿಸಿದ್ದಲ್ವಾ?”

“ಮಸ್ಟ್ ಜೋಡಿಸುವಾಗ ನಾನು ಓದಲ್ಲ ಸಾಹೇಬ್ರೇ. ಕೈ ಓದುತ್ತೆ. ತಲೆಗೆ ಹೋಗಲ್ಲ.”

“ಬರೆದ ಹಾಳೆ?”

“ಇಲ್ಲ. ಅದೂ ಇಲ್ಲ.”

ಸುಳ್ಳು ಹೇಳುತ್ತಿರಲಿಲ್ಲ. ಅದೇ ಕಷ್ಟ. ಕೈಯಿಂದ ಕೈಗೆ ದಾಟಿ ಹೋದ ಮಾತನ್ನು ಒಬ್ಬರೂ ಓದಿರಲಿಲ್ಲ. ಮೂಲೆಯಲ್ಲಿದ್ದ ಒಂದು ಪದವನ್ನು ನೋಡಿ ಎಲ್ಲರೂ ಕಣ್ಣು ತಗ್ಗಿಸಿದ್ದರು.

“ಒಂದು ಮಾತು,” ಎಂದ ಫೋರ್ಮನ್. “ಅವತ್ತಿನ ‘ಮಸ್ಟ್’ ಸೊಟ್ಟಗಿತ್ತು. ಒತ್ತಿ ಒತ್ತಿ ಬರೆದ ಹಾಗೆ, ಒಂದನೇ ಕ್ಲಾಸಿನ ಮಗು ಬರೆದ ಹಾಗೆ. ವಯಸ್ಸಾಯ್ತಲ್ಲ ಯಜಮಾನರಿಗೆ ಅಂದುಕೊಂಡೆ.”

*

ಯಜಮಾನರ ಕೋಣೆ ಮೇಲಿನ ಮಹಡಿಯಲ್ಲಿತ್ತು. ಅವರ ಕುರ್ಚಿ ಖಾಲಿ. ಅದರ ಪಕ್ಕದಲ್ಲಿ ಸಾದಾ ಮರದ ಕುರ್ಚಿ ಹಾಕಿಕೊಂಡು ಅವರ ಮಗಳು ಕೂತಿದ್ದಳು. ಕಚೇರಿಯವರೆಲ್ಲ ಅವಳನ್ನು ಅಕ್ಕಾವ್ರು ಎನ್ನುತ್ತಿದ್ದರು. ಅವಳಿಗಿಂತ ಹಿರಿಯರೂ ಕೂಡ.

“ನಿಂತೇ ಮಾತಾಡ್ತೀರಾ? ಕೂತ್ಕೊಳ್ಳಿ. ನಿಂತ್ರೆ ಜಾಸ್ತಿ ಹೆದರಿಸಬಹುದು ಅಂತ ಯಾರಾದ್ರೂ ಹೇಳಿಕೊಟ್ಟಿದಾರಾ?”

ಪತ್ತೇದಾರ ಕೂತ. “ನಿಮ್ಮ ತಂದೆಯವರ ಬಲಗೈಗೆ ಸ್ವಾಧೀನವಿಲ್ಲ.”

ಅವಳು ಮೇಜಿನ ಮೇಲಿನ ಕಾಗದಗಳ ಅಂಚನ್ನು ಸರಿ ಮಾಡಿದಳು. ಅವು ಮೊದಲೇ ಸರಿಯಾಗಿದ್ದವು.

“ಡಾಕ್ಟರ್ ಹೇಳಿದ್ರಾ?”

“ಡಾಕ್ಟರ್ ಹೇಳಲಿಲ್ಲ. ನೀವು ಈಚೆಗೆ ಎರಡು ಕೈಲೂ ಔಷಧಿ ಚೀಲ ಹೊತ್ತು ಮನೆಗೆ ಹೋಗ್ತೀರಿ ಅಂತ ಗೇಟಿನವನು ಹೇಳಿದ. ಯಜಮಾನರು ಕಾರಿಂದ ಇಳಿದು ಎಷ್ಟೋ ದಿನ ಆಯ್ತು, ಕೊನೇ ಸಲ ಸಲಾಮಿಗೆ ಎಡಗೈ ಎತ್ತಿದ್ರು ಅಂತ್ಲೂ ಹೇಳಿದ.”

“ಮಾತೂ ಹೋಗಿದೆ,” ಎಂದಳು ಅವಳು, ಲೆಕ್ಕದಲ್ಲಿ ಬಿಟ್ಟುಹೋದದ್ದನ್ನು ಸೇರಿಸುವವಳಂತೆ. “ಗೊತ್ತಾದ್ರೆ ಒಬ್ಬೊಬ್ರೂ ಒಂದೊಂದು ಕಡೆ ಎಳೀತಾರೆ ಈ ಪತ್ರಿಕೇನ. ಅದಕ್ಕೇ ಹೇಳಿಲ್ಲ. ಅದು ತಪ್ಪಾ?”

“ತಪ್ಪಲ್ಲ. ಆದ್ರೆ ಅವತ್ತು ಒಂದು ಮಸ್ಟ್ ಬಂತು. ಇಡೀ ಕಟ್ಟಡದಲ್ಲಿ ಎಲ್ಲರೂ ಅದು ನಿಜವಾದ ಮಸ್ಟ್ ಅಂತ ನಂಬಿದ್ರು. ನಂಬಿದವರು ಅದನ್ನ ಮುಟ್ಟಲ್ಲ. ಮುಟ್ಟಿದವರು ಯಾರೋ, ಅದು ಸುಳ್ಳು ಅಂತ ಗೊತ್ತಿದ್ದವರು. ಯಜಮಾನರ ಕೈ ಬರೆಯೋ ಸ್ಥಿತೀಲಿಲ್ಲ ಅಂತ ಗೊತ್ತಿದ್ದವರು.”

“ಅಂದ್ರೆ ನಾನು.”

“ಅಂದ್ರೆ ನೀವು. ಗುಬ್ಬಿ ತಪ್ಪೊಪ್ಪಿಕೊಂಡ್ರೆ ಪತ್ರಿಕೆ ಮರ್ಯಾದೆ ಹೋಗ್ತಿತ್ತು. ಗಿರಣಿಯವರು ಮುನಿಸಿಕೊಳ್ತಿದ್ರು.”

ಅವಳು ಕೋಪ ಮಾಡಿಕೊಳ್ಳುತ್ತಾಳೆ ಎಂದು ಅವನು ಕಾದ. ಅವಳು ಕೋಪ ಮಾಡಿಕೊಳ್ಳಲಿಲ್ಲ. ಮೇಜಿನ ಮೇಲೆ ಸ್ವಲ್ಪ ಮುಂದಕ್ಕೆ ಬಾಗಿದಳು.

“ಆ ಹಾಳೆ ಈಗ ಎಲ್ಲಿದೆ?”

“ಸಿಕ್ಕಿಲ್ಲ.”

“ಅಕ್ಷರ ಹೇಗಿತ್ತು ಅಂತಾರೆ? ‘ಮಸ್ಟ್’ ಅನ್ನೋ ಅಕ್ಷರ?”

“ಸೊಟ್ಟಗಿತ್ತಂತೆ. ಒತ್ತಿ ಒತ್ತಿ ಬರೆದ ಹಾಗೆ. ಮಗು ಬರೆದ ಹಾಗೆ.”

ಅವಳು ಎದ್ದು ಕಿಟಕಿಯ ಬಳಿ ಹೋದಳು. ಬೆನ್ನು ಮಾತ್ರ ಕಾಣುತ್ತಿತ್ತು. ಕೆಳಗೆ ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು.

“ಅವತ್ತು ಮಧ್ಯಾಹ್ನ ಗುಬ್ಬಿ ಮಾಮ ಮನೆಗೆ ಬಂದಿದ್ರು,” ಎಂದಳು ಅಲ್ಲಿಂದಲೇ. “ಅಪ್ಪನ ಸ್ಥಿತಿ ಅವರಿಗೊಬ್ಬರಿಗೆ ಹೇಳಿದ್ದೆ. ಅಪ್ಪನ ಜೊತೆ ಬಾಗಿಲು ಹಾಕಿಕೊಂಡು ಕೂತಿದ್ರು. ಹೋಗುವಾಗ ನನ್ನ ತಲೆ ಮೇಲೆ ಕೈ ಇಟ್ಟು ಹೋದ್ರು, ಏನೂ ಹೇಳಲಿಲ್ಲ. ಒಳಗೆ ಹೋದ್ರೆ ಅಪ್ಪನ ಕಣ್ಣಲ್ಲಿ ನೀರು. ಬಲಗೈಯ ಬೆರಳಲ್ಲಿ ಕೆಂಪು ಬಣ್ಣ. ರಕ್ತ ಅಂದುಕೊಂಡು ಬಟ್ಟೆ ಒದ್ದೆ ಮಾಡಿ ಒರೆಸಿಬಿಟ್ಟೆ.”

ಅವಳು ಕಿಟಕಿಯ ಸರಳು ಹಿಡಿದುಕೊಂಡಳು.

“ಆ ಹಾಳೆ ನನ್ನ ಕೈಗೆ ಸಿಕ್ಕಿದ್ರೆ ನಾನು ಎತ್ತಿಸ್ತಿದ್ದೆ ಅಂತೀರಾ? ಹೆಂಡತಿ ಮಕ್ಕಳು ಇದಾರಾ ನಿಮಗೆ? ಅಪ್ಪ ಇದಾರಾ? ಅಪ್ಪನ ಕೈ ಆಡಿತು ಅಂತ ನಾನು ಅದನ್ನ ಹಿಡ್ಕೊಂಡು ಬೀದೀಲಿ ಕುಣೀತಿದ್ದೆ. ಪತ್ರಿಕೆ ಮುಳುಗಿದ್ರೂ ಸರಿ.”

ಅವಳು ತಿರುಗಿದಾಗ ಕಣ್ಣು ಒಣಗಿತ್ತು. ದನಿ ಮಾತ್ರ ಸ್ವಲ್ಪ ಒಡೆದಿತ್ತು.

“ನೀವು ತಪ್ಪು ಕಡೆಯಿಂದ ಯೋಚನೆ ಮಾಡ್ತಿದೀರಿ. ಬೇರೆಯವರ ಮಸ್ಟ್ ಎತ್ತೋಕೆ ಎಲ್ಲರಿಗೂ ಭಯ. ನಿಜ. ತಾನೇ ಬರೆದದ್ದನ್ನ ತಾನೇ ವಾಪಸ್ ತಗೊಳ್ಳೋನಿಗೆ ಯಾರ ಭಯ?”

*

ಅವನು ಮತ್ತೆ ಕೆಳಗಿಳಿದು ಬಂದಾಗ ಫೋರ್ಮನ್ ಅಲ್ಲೇ ಇದ್ದ, ಅದೇ ತಟ್ಟೆಯ ಮುಂದೆ. ಮುಟ್ಟದೆ ಸುಮ್ಮನೆ ನೋಡುತ್ತ ನಿಂತಿದ್ದ.

“ಈ ದಾರ ಕಟ್ಟಿದ್ದು ನೀವಾ?”

ಫೋರ್ಮನ್ ತಟ್ಟೆಯಿಂದ ಕಣ್ಣು ತೆಗೆಯಲಿಲ್ಲ.

“ಗಂಟಿನ ಕುಣಿಕೆ ಎಡಕ್ಕಿದೆ. ಕಪಾಟಿನಲ್ಲಿರೋ ಉಳಿದ ಕಟ್ಟೆಲ್ಲ ನೋಡಿದೆ. ಬಲಕ್ಕಿದೆ.”

“ಬೇರೆಯವೆಲ್ಲ ಹುಡುಗರು ಕಟ್ಟಿದ್ದು,” ಎಂದ ಫೋರ್ಮನ್ ನಿಧಾನವಾಗಿ. “ಎಡಕ್ಕೆ ಕುಣಿಕೆ ಹಾಕಿ ಅಂಚಿನೊಳಗೆ ಸಿಕ್ಕಿಸೋದು ನಮ್ಮ ಮೇಷ್ಟ್ರ ಗಂಟು. ಈಗ ಬರೋದು ಇಬ್ಬರಿಗೇ. ಬರ್ತಿದ್ದದ್ದು.”

“ಒಬ್ಬರು ನೀವು.”

“ನಾನು ಕಟ್ಟಿದ್ದಲ್ಲ ಸಾಹೇಬ್ರೇ.”

ಕೋಣೆಯ ಆ ತುದಿಯಲ್ಲಿ ಯಾರೋ ಮೊಳೆಗಳನ್ನು ಖಾನೆಗಳಿಗೆ ಹಾಕುತ್ತಿದ್ದ ಸದ್ದು, ಕಾಳು ಆರಿಸುವ ಸದ್ದಿನಂತೆ.

“ಯಾವಾಗ ಗೊತ್ತಾಯ್ತು?”

“ಮಾರನೇ ದಿನ. ಸುಡುಗಾಡಿಂದ ಬಂದು ಕಪಾಟು ಕಡೆ ನೋಡಿದೆ, ಗಂಟು ಕಾಣಿಸ್ತು.” ಫೋರ್ಮನ್ ಬೆರಳಿನಿಂದ ಗಂಟು ತೋರಿಸಿದ. “ಗುಬ್ಬಿ ಐಟಂ ಕಿತ್ತು ಹಾಕೋಕೆ ಬಂದಿರಲಿಲ್ಲ. ಎರಡು ಸಾಲು ತೆಗೆದು ಮತ್ತೆ ಕೂರಿಸಬೇಕು ಅಂತ ಬಂದಿದ್ದ. ಅವನ ಕೈಗೆ ಅಭ್ಯಾಸ ತಪ್ಪಿತ್ತು. ಎರಡು ಸಾಲು ಹೋದ ಪುಟಾನ ಬಿಗಿ ಮಾಡೋಕೆ ಅವನೊಬ್ಬನಿಂದ ಆಗ್ತಿರಲಿಲ್ಲ. ನನ್ನ ಹುಡುಕಿಕೊಂಡು ಆ ಕಡೆ ಮೆಟ್ಟಿಲಲ್ಲಿ ಇಳಿದಿದಾನೆ. ನಾನು ಈ ಕಡೆ ಮೆಟ್ಟಿಲಲ್ಲಿ ಹತ್ತಿದೀನಿ. ಬಂದೆ, ಜೇನುಹುಳು ತುಂಬಿದೆ.”

ಅವನು ಮಸಿ ಬಟ್ಟೆಯಿಂದ ಕಣ್ಣೊರೆಸಿಕೊಂಡ. ಕೆನ್ನೆಯ ಮೇಲೆ ಕಪ್ಪು ಗೆರೆ ಉಳಿಯಿತು.

“ತೆಗೆದ ಸಾಲನ್ನ ಅವನು ಎಲ್ಲಿ ಇಡ್ತಾನೆ?” ಕೊನೆಗೆ ಪತ್ತೇದಾರ ಕೇಳಿದ.

“ಕೆಳಗೆ ಬಿಸಾಡಲ್ಲ. ಸಾಲು ಚೆದುರದ ಹಾಗೆ ಕಾಗದದಲ್ಲಿ ಸುತ್ತಿ, ದಾರ ಕಟ್ಟಿ, ಜೇಬಿಗೆ ಹಾಕ್ತಾನೆ. ಒಂದೊಂದು ಸಾಲಿಗೆ ಒಂದೊಂದು ಪೊಟ್ಟಣ. ಮೇಷ್ಟ್ರು ಹಾಗೇ ಕಲಿಸಿದ್ದು.”

*

ಗುಬ್ಬಿಯ ಮನೆ ಎರಡೇ ಕೋಣೆ. ಗೋಡೆಯ ಮೊಳೆಯಲ್ಲಿ ಅವನ ಅಂಗಿ ಇನ್ನೂ ತೂಗುತ್ತಿತ್ತು, ಎದೆಯ ಜೇಬಿನ ಅಂಚಿನಲ್ಲಿ ಮಸಿಯ ಕಲೆ. ಮಗಳು ಗಿರಣಿಯ ಕಚೇರಿಯಲ್ಲಿ ಟೈಪಿಸ್ಟ್. ರಜೆ ಹಾಕಿ ಮನೆಯಲ್ಲಿದ್ದಳು. ತಾಯಿಯಿಲ್ಲದೆ ಬೆಳೆದ ಹುಡುಗಿಯರಿಗೆ ಬೇಗ ಬರುವ ಅಚ್ಚುಕಟ್ಟುತನ ಅವಳ ಕೋಣೆಯಲ್ಲಿತ್ತು.

“ಹೇಳಿ ಸರ್. ಜಾರಿ ಬಿದ್ರಾ, ತಳ್ಳಿದ್ರಾ?”

“ಇನ್ನೂ ಗೊತ್ತಿಲ್ಲಮ್ಮ. ಆಸ್ಪತ್ರೆಯಿಂದ ಕೊಟ್ಟ ಸಾಮಾನು ನೋಡಬಹುದಾ?”

ಅವಳು ಬಟ್ಟೆಯ ಚೀಲ ತಂದು ಮೇಜಿನ ಮೇಲೆ ಬರಿದು ಮಾಡಿದಳು. ಬೀಗದ ಕೈ, ಕನ್ನಡಕದ ಒಂದು ಗಾಜು, ಬಾಚಣಿಗೆ. ಒಂದು ಮೋಟು ಕೆಂಪು ಪೆನ್ಸಿಲ್. ಕಾಗದದಲ್ಲಿ ಸುತ್ತಿ ದಾರ ಕಟ್ಟಿದ, ಕಡ್ಡಿಯಷ್ಟು ಉದ್ದನೆಯ ಪೊಟ್ಟಣ. ಒಂದೇ.

“ಇದು ಮೊಳೆ ಸರ್. ಮುಟ್ಟಿದ್ರೇ ಗೊತ್ತಾಗುತ್ತೆ. ಚಿಕ್ಕವಳಿದ್ದಾಗ ಆಟಕ್ಕೆ ತಂದುಕೊಡ್ತಿದ್ರು. ಬೇರೆ ಮಕ್ಕಳಿಗೆ ಗೊಂಬೆ, ನನಗೆ ಸೀಸ. ಉಲ್ಟಾ ಓದೋಕೆ ಮೊದಲು ಕಲಿತೆ, ಆಮೇಲೆ ಸರಿಯಾಗಿ.” ಅವಳು ನಗಲು ನೋಡಿದಳು, ಆಗಲಿಲ್ಲ.

“ಬಿಚ್ಚಿ ನೋಡಿದ್ರಾ?”

“ಇಲ್ಲ. ಅವರು ಕಟ್ಟಿದ ಕೊನೇ ಗಂಟು ಅಲ್ವಾ. ಕೈ ಬರಲಿಲ್ಲ.”

ಪತ್ತೇದಾರ ಗಂಟನ್ನು ನೋಡಿದ. ಕುಣಿಕೆ ಇರಲಿಲ್ಲ. ಅಂಗಡಿಯಲ್ಲಿ ಸಾಮಾನು ಕಟ್ಟುವಂಥ ಸಾದಾ ಗಂಟು. ದಾರದಲ್ಲಿ, ಸ್ವಲ್ಪ ಪಕ್ಕಕ್ಕೆ, ಮೊದಲು ಬೇರೊಂದು ಗಂಟು ಇದ್ದ ಸುರುಳಿ ಇನ್ನೂ ಮಾಸಿರಲಿಲ್ಲ. ಯಾರೋ ಇದನ್ನು ಬಿಚ್ಚಿದ್ದರು. ಓದಿದ್ದರು. ಮತ್ತೆ ಕಟ್ಟಿದ್ದರು.

“ಸ್ವಲ್ಪ ನೀರು ಕೊಡ್ತೀರಾ?”

ಅವಳು ಒಳಗೆ ಹೋದಳು. ಅವನು ದಾರ ಎಳೆದ. ಕಾಗದ ಬಿಡಿಸಿದ. ಕಣ್ಣು ಈ ಸಲ ಹಟ ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು.

ಅದನ್ನು ನನಗೆ ಹೇಳಿದವಳು ನನ್ನ ಸ್ವಂತ ಮಗಳು, ಅವಳಿಗೆ ಹೇಳಿದವರು

ಅಷ್ಟೇ. ಹೆಸರು ಇನ್ನೊಂದು ಸಾಲಿನಲ್ಲಿತ್ತು. ಇನ್ನೊಂದು ಪೊಟ್ಟಣದಲ್ಲಿತ್ತು.

ಎರಡನ್ನೂ ಬಿಚ್ಚಿದವನು ಒಂದನ್ನು, ಜೊತೆಗೆ ಬರೆದ ಹಾಳೆಯನ್ನೂ, ಒಯ್ದು ಇದೊಂದನ್ನು ಬಿಟ್ಟಿದ್ದ. ಮರೆತು ಬಿಟ್ಟದ್ದಲ್ಲ. ಇದು ಮಗಳ ಕೈಗೆ ಹೋಗಲಿ, ಅವಳೇ ಓದಲಿ, ಓದಿ ಜನ್ಮವಿಡೀ ಬಾಯಿ ಮುಚ್ಚಿಕೊಂಡಿರಲಿ ಎಂದು ಬಿಟ್ಟದ್ದು.

ಒಳಗಿಂದ ತಂಬಿಗೆಯ ಸದ್ದು ಬಂತು. ಅವನು ಕಾಗದ ಸುತ್ತಿ ದಾರ ಕಟ್ಟಿದ. ಗಂಟು ಎರಡು ಸಲ ತಪ್ಪಿತು.

“ಗಿರಣಿಯಲ್ಲಿ ಬಾಯ್ಲರ್ ಸಿಡಿದ ದಿನ,” ಅವನು ನೀರಿನ ಲೋಟ ಹಿಡಿದು ಕೇಳಿದ, “ನೀವು ಅಪ್ಪನಿಗೆ ಫೋನ್ ಮಾಡಿದ್ರಾ?”

“ಮಾಡಿದೆ. ಬದುಕಿದೀನಿ ಅಂತ ಹೇಳೋಕೆ. ಅಲ್ಲಿ ಹೊಗೆ, ಕೂಗಾಟ, ನನ್ನ ಕಿವಿ ಗುಂಯ್ ಅಂತಿತ್ತು. ಏನೇನು ಹೇಳಿದೆನೋ ನೆನಪೂ ಇಲ್ಲ. ಅವರು ಮಾತ್ರ ಒಂದೇ ಸಮ, ‘ಮಗಳೇ ಮಗಳೇ’ ಅಂತಿದ್ರು.” ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. “ಸರ್, ನಮ್ಮಪ್ಪ ಒಂದು ನಲ್ಲಿ ಕೆಟ್ಟ ಸುದ್ದಿ ಬರೆಯೋಕೂ ಮೂರು ಜನರನ್ನ ಕೇಳೋರು. ಬಾಯ್ಲರ್‌ನವರ ವಿಷಯದಲ್ಲಿ ಯಾರನ್ನೂ ಕೇಳಲಿಲ್ಲ ಅಂತಾರೆ. ಯಾರ ಮಾತು ಅಷ್ಟು ನಂಬಿದ್ರು? ಅವರು ಸಿಕ್ಕಿದ್ರೆ ಕಪಾಳಕ್ಕೆ ಬಾರಿಸ್ತೀನಿ ನಾನು. ಅಪ್ಪನ್ನ ಕೊಂದದ್ದು ಅವರೇ.”

ನೀರು ತಣ್ಣಗಿತ್ತು. ಅವನು ಪೂರ್ತಿ ಕುಡಿದ, ಬಾಯಿಗೆ ಬೇರೆ ಕೆಲಸವಿರಲಿ ಎಂದು.

ಇನ್ನೊಂದು ಪ್ರಶ್ನೆ ಕೇಳಬೇಕಿತ್ತು. ನಾಳೆ ಬೆಳಗಾಗುವುದರೊಳಗೆ ಆ ಹೆಸರು ಬೇಕಿತ್ತು. ಅದು ಈಗ ಇದ್ದದ್ದು ಈ ಹುಡುಗಿ ಮರೆತ ಮಾತಿನಲ್ಲಿ ಮಾತ್ರ.

“ಆ ಫೋನ್ ಮಾಡುವಾಗ ಪಕ್ಕದಲ್ಲಿ ಯಾರಿದ್ರು?”

“ಮ್ಯಾನೇಜರ್ ಸರ್ ಇದ್ರು. ನನ್ನ ಕೈ ನಡುಗ್ತಿತ್ತು ಅಂತ ಅವರೇ ನಂಬರ್ ತಿರುಗಿಸಿಕೊಟ್ರು. ಪಾಪ, ದೇವರಂಥ ಮನುಷ್ಯ. ಅಪ್ಪ ಬಿದ್ದ ದಿನವೂ ಆಸ್ಪತ್ರೆಗೆ ಮೊದಲು ಬಂದದ್ದು ಅವರೇ. ಈ ಚೀಲ ತಂದುಕೊಟ್ಟಿದ್ದೂ ಅವರೇ. ಬಂದಾಗಲೆಲ್ಲ ಕೇಳ್ತಾರೆ, ಅಪ್ಪನ ಸಾಮಾನು ನೋಡಿದೆಯಾ ಅಂತ.” ಅವಳು ತಟ್ಟನೆ ನಿಲ್ಲಿಸಿದಳು. “ಯಾಕೆ ಸರ್?”

ಹೊರಗೆ ಕಾರಿನ ಬಾಗಿಲು ಹಾಕಿದ ಸದ್ದಾಯಿತು. ಹಿಂದೆಯೇ ಅವಸರವಿಲ್ಲದ ಬೂಟಿನ ಹೆಜ್ಜೆ.

“ಅವರೇ ಬಂದ್ರು ಅನ್ನಿಸುತ್ತೆ,” ಎಂದು ಅವಳು ತಲೆಗೂದಲು ನೇವರಿಸಿಕೊಂಡಳು. ಆಮೇಲೆ ಮೇಜಿನ ಮೇಲೆ ಅವನ ಕೈ ಮುಚ್ಚಿಕೊಂಡಿದ್ದ ಪೊಟ್ಟಣ ನೋಡಿ ದನಿ ತಗ್ಗಿಸಿದಳು. “ನೀವು ಬಿಚ್ಚಿದ್ರಿ ಅಲ್ವಾ? ಗಂಟು ಬೇರೆ ಥರ ಇದೆ. ಬೈಯಲ್ಲ, ಹೇಳಿ. ಅದರಲ್ಲಿ ಏನಿದೆ?”

“ಜೇನುಹುಳು,” ಎಂದ ಪತ್ತೇದಾರ. “ಪುಟ ತುಂಬೋಕೆ ಹಾಕ್ತಾರಲ್ಲ, ಅದರದ್ದೊಂದು ಸಾಲು.”

ಅವಳ ಮುಖ ಒಂದು ಕ್ಷಣ ಬಿಚ್ಚಿಕೊಂಡಿತು. ಆ ಬರಹ ಅವಳಿಗೆ ಬಾಯಿಪಾಠವಿತ್ತು. “ಯಾವ ಸಾಲು?”

ಹೆಜ್ಜೆ ಬಾಗಿಲ ಬಳಿ ಬಂದು ನಿಂತಿತು.

ಅವನು ಪೊಟ್ಟಣವನ್ನು ತನ್ನ ಜೇಬಿಗೆ ಹಾಕಿಕೊಂಡು ಎದ್ದ. ಅವಳ ಅಪ್ಪ ಪುಟದಿಂದ ತೆಗೆಯಲು ಬಂದದ್ದು ಅವಳನ್ನೇ ಎಂದು ಅವನು ಅವಳಿಗೆ ಆಗಲೂ ಹೇಳಲಿಲ್ಲ, ಮುಂದೆ ಎಂದೂ ಹೇಳಲಿಲ್ಲ.